ಎರೆಹೊಲ ಬಾಯಿ ತೆರೆದ ಕಥೆ

ಭೂಮಿ ಇನ್ನೂ ಹೊಸದಾಗಿತ್ತು. ಎಷ್ಟು ಹೊಸದು ಅಂದರೆ, ತಾವು ಎಲ್ಲಿ ಕೂರಬೇಕು ಅನ್ನುವುದನ್ನು ಗುಡ್ಡಗಳು ಇನ್ನೂ ತೀರ್ಮಾನ ಮಾಡಿರಲಿಲ್ಲ. ಹಳ್ಳಗಳು ಇವತ್ತು ಒಂದು ದಾರಿ, ನಾಳೆ ಒಂದು ದಾರಿ ಹಿಡಿದು ಹರಿಯುತ್ತಿದ್ದವು. ತನ್ನ ದನಿ ಬಲು ಇಂಪು ಅಂತ ಕಾಗೆಗೆ ನಂಬಿಕೆಯಿತ್ತು. ಆ ನಂಬಿಕೆ ಇವತ್ತಿಗೂ ಹೋಗಿಲ್ಲ, ಅದಿರಲಿ.

ಆಗ ಎಲ್ಲರೂ ಎಲ್ಲರೊಡನೆ ಮಾತಾಡುತ್ತಿದ್ದರು. ಗಾಳಿ ಮಾತಾಡುತ್ತಿತ್ತು. ಹಳ್ಳ ಮಾತಾಡುತ್ತಿತ್ತು. ಮೋಡ ಮಾತಾಡುತ್ತಿತ್ತು. ಏಡಿಯಂತೂ ಬಾಯಿ ಮುಚ್ಚುತ್ತಲೇ ಇರಲಿಲ್ಲ. ಮಾತಾಡದೆ ಇದ್ದವಳು ಒಬ್ಬಳೇ ಒಬ್ಬಳು. ಅವಳು ಭೂಮಿ. ಅವಳು ಯಾಕೆ ಸುಮ್ಮನಿದ್ದಳು ಅಂತ ಯಾರೂ ಕೇಳಿರಲಿಲ್ಲ. ತಾಯಂದಿರು ಸುಮ್ಮನಿದ್ದರೆ ಮಕ್ಕಳು ಕಾರಣ ಕೇಳುವುದು ಅಪರೂಪ.

ಜೋಳ ಬೆಳೆಯುವ ಎರೆಸೀಮೆಯಲ್ಲಿ, ಅಂದರೆ ಕಪ್ಪು ಮಣ್ಣಿನ ಸೀಮೆಯಲ್ಲಿ, ಕಣ್ಣು ಹಾಯುವಷ್ಟು ದೂರ ಬಯಲೇ ಬಯಲಾದ ಕಡೆ, ಒಂದು ಊರಿತ್ತು. ಊರಿನ ನಡುವೆ ಒಂದು ದಿಬ್ಬ. ದಿಬ್ಬದ ಮೇಲೆ ಊರಿನ ಹಗೇವು. ಹಗೇವು ಅಂದರೆ ನೆಲದೊಳಗಿನ ಕಣಜ. ಆಳವಾಗಿ ಗುಂಡಿ ತೋಡಿ, ಸುತ್ತಲೂ ಹುಲ್ಲು ಒತ್ತಿ, ಒಳಗೆ ಕಾಳು ಸುರಿದು, ಬಾಯಿಗೆ ಚಪ್ಪಡಿ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಇಡೀ ಊರಿನ ಬೀಜದ ಜೋಳ ಅದರೊಳಗಿತ್ತು. ಲೋಕ ಹೊಸದು ನೋಡಿ, ಆಗ ಎಲ್ಲೆಲ್ಲೂ ಬೀಜ ಇರಲಿಲ್ಲ. ಆ ಜೋಳಕ್ಕೆ ನೀರು ತಾಗಿತೋ, ಮುಗ್ಗು ಹಿಡಿದು ಕೊಳೆತು ಹೋಗುತ್ತದೆ. ಆಮೇಲೆ ಬಿತ್ತುವುದೂ ಇಲ್ಲ, ಬೆಳೆಯುವುದೂ ಇಲ್ಲ, ರೊಟ್ಟಿಯೂ ಇಲ್ಲ. ಅದಕ್ಕೇ ಹಗೇವು ಕಾಯಲು ಭರಮಜ್ಜನನ್ನು ಇಟ್ಟಿದ್ದರು. ಊರಿಗೆಲ್ಲ ಹಿರಿಯ. ಅವನು ಚಪ್ಪಡಿ ಕಲ್ಲಿನ ಪಕ್ಕದಲ್ಲೇ ಉಣ್ಣುತ್ತಿದ್ದ, ಅಲ್ಲೇ ಮಲಗುತ್ತಿದ್ದ, ಅಲ್ಲೇ ಎಲ್ಲರನ್ನೂ ಬಯ್ಯುತ್ತಿದ್ದ.

ಅದೇ ಊರಿನಲ್ಲಿ ಕೆಂಚವ್ವ ಇದ್ದಳು.

ಕೆಂಚವ್ವನ ಹಾಗೆ ನೆಲ ಸಾರಿಸುವವರು ಆ ಸೀಮೆಯಲ್ಲೇ ಇರಲಿಲ್ಲ. ಬೆಳಕು ಹರಿಯುವ ಮೊದಲೇ ಸಗಣಿ ಕಲಸಿಕೊಂಡು ಕುಕ್ಕರಗಾಲಿನಲ್ಲಿ ಕುಳಿತರೆ, ಅಂಗೈ ಬೀಸಿ ಬೀಸಿ, ಮನೆ ಸಾರಿಸಿ, ಅಂಗಳ ಸಾರಿಸಿ, ಓಣಿಗೆ ಬರುತ್ತಿದ್ದಳು. ಓಣಿ ಮುಗಿಸಿ ಹೊಲಕ್ಕೆ ಇಳಿಯುತ್ತಿದ್ದಳು. ಹೌದು, ಹೊಲಕ್ಕೆ! ದಾರಿಯಲ್ಲಿ ಯಾರಾದರೂ ನಿಂತಿದ್ದರೆ, "ಏ, ಕಾಲ ಎತ್ತು," ಅನ್ನುತ್ತಿದ್ದಳು. ಅವರು ಒಂದು ಕಾಲು ಎತ್ತಿದರೆ ಅದರ ಕೆಳಗೆ ಸಾರಿಸಿ, "ಇನ್ನೊಂದು," ಅನ್ನುತ್ತಿದ್ದಳು. ಕಾವು ಕೂತ ಕೋಳಿಯನ್ನು ಮಾತ್ರ ಎಬ್ಬಿಸುತ್ತಿರಲಿಲ್ಲ. ಅದರ ಸುತ್ತ ದುಂಡಗೆ ಸಾರಿಸಿ ಮುಂದೆ ಹೋಗುತ್ತಿದ್ದಳು.

ಹೊಲವನ್ನು ಯಾಕೆ ಸಾರಿಸಬೇಕು? ಯಾಕೆಂದರೆ ಆ ಊರಿನವರಿಗೆ ಭೂಮಿಯೆಂದರೆ ಪ್ರಾಣ. ಬಿಸಿಲಿಗೆ ನೆಲದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಅವರ ಕರುಳು ಚುರ್ ಅನ್ನುತ್ತಿತ್ತು. ಅಯ್ಯೋ, ನಮ್ಮವ್ವನಿಗೆ ಗಾಯ ಆಯಿತು ಅಂತ ಓಡಿ ಬಂದು ಸಗಣಿ, ಮಣ್ಣು ತುಂಬಿ ತಟ್ಟುತ್ತಿದ್ದರು. ಬೇಸಿಗೆಯಲ್ಲಿ ಊರಿಗೆ ಊರೇ ಸಾಲು ನಿಂತು ಹಳ್ಳದಿಂದ ಕೊಡ ಕೊಡ ನೀರು ಹೊತ್ತು ಹೊಲಕ್ಕೆಲ್ಲ ಸುರಿಯುತ್ತಿತ್ತು. ನಮ್ಮವ್ವ ಬಾಯಾರಬಾರದು, ಅಷ್ಟೇ. ಹೀಗಾಗಿ ಅಲ್ಲಿನ ನೆಲ ವರ್ಷವಿಡೀ ತಂಪು, ವರ್ಷವಿಡೀ ಒದ್ದೆ, ಎಲ್ಲಿ ನೋಡಿದರೂ ನುಣ್ಣಗೆ. ಮೇಲಿನ ಊರುಗಳವರು, ಕೆಳಗಿನ ಊರುಗಳವರು ಇದನ್ನು ನೋಡಿ ತಾವೂ ಹಾಗೇ ಮಾಡತೊಡಗಿದರು.

ಒಬ್ಬನಿಗೆ ಮಾತ್ರ ಇದು ಸೇರುತ್ತಿರಲಿಲ್ಲ. ಅವನು ಏಡಿ. ಅವನು ಕಷ್ಟಪಟ್ಟು ಒಂದು ಬಿಲ ತೋಡುತ್ತಿದ್ದ. ಕೆಂಚವ್ವ ಬಂದು ಮುಚ್ಚುತ್ತಿದ್ದಳು. ಅವನು ಇನ್ನೊಂದು ತೋಡುತ್ತಿದ್ದ. ಕೆಂಚವ್ವ ಅದನ್ನೂ ಮುಚ್ಚುತ್ತಿದ್ದಳು.

"ಅಕ್ಕಾ, ನಿನ್ನ ಕೈಗೆ ಬ್ಯಾರೆ ಕೆಲಸ ಇಲ್ಲೇನ?" ಅಂತ ಏಡಿ ಕೊಂಡಿ ಎತ್ತಿ ಕೂಗುತ್ತಿದ್ದ.

"ನೆಟ್ಟಗ ನಡ್ಯಾಕ ಬರದವಗ ಮಾತು ಬ್ಯಾರೆ ಕೇಡು! ನಮ್ಮವ್ವನ ಮೈಗೆ ತೂತು ಕೊರೀತೀಯೇನೋ?" ಅಂತ ಕೆಂಚವ್ವ ಬಯ್ಯುತ್ತಿದ್ದಳು.

ಕೊನೆಗೆ ಬೇಸತ್ತ ಏಡಿ ಊರಾಚೆಯ ಜಾಲಿಮೆಳೆಗೆ ಹೋಗಿ ಸೇರಿಕೊಂಡ. ಬೆರಳುದ್ದ ಮುಳ್ಳಿನ ದಟ್ಟ ಮೆಳೆ ಅದು. ಅದರೊಳಗೆ ನೀರಿನ ಕೊಡವೂ ಹೋಗುತ್ತಿರಲಿಲ್ಲ, ಕೆಂಚವ್ವನ ಕೈಯೂ ಹೋಗುತ್ತಿರಲಿಲ್ಲ.

ಹೀಗಿರುವಾಗ ಒಂದು ಬೇಸಿಗೆ. ಬೇವು ಹೂ ಬಿಟ್ಟಿತ್ತು. ಮಳೆಯ ಹೊತ್ತೇ ಅಲ್ಲ ಅದು. ಅಂಥದರಲ್ಲಿ ಕಡಲ ಕಡೆಯಿಂದ ಒಂದು ಮೋಡ ಬಂತು. ದೊಡ್ಡ ಮೋಡ, ಕರೀ ಮೋಡ, ಹೊತ್ತ ನೀರಿನ ಭಾರಕ್ಕೆ ಕುತ್ತಿಗೆ ಬಗ್ಗಿಹೋದ ಮೋಡ. ತೇಕುತ್ತಾ ಬಂದು ಊರಿನ ಮೇಲೆ ನಿಂತಿತು.

"ಇನ್ನ ನನ್ನ ಕೈಲಿ ಆಗೂದಿಲ್ಲ. ಇಳಿಸ್ತೀನಿ," ಅಂದಿತು.

ಇಳಿಸಿಯೇ ಬಿಟ್ಟಿತು. ಎಂಥ ಮಳೆ ಅಂತೀರಿ! ಹನಿ ಹನಿ ಅಲ್ಲ, ಕೊಡ ಬೋರಲು ಹಾಕಿದ ಹಾಗೆ. ಊರಿನವರು ಮೊದಲು ಕುಣಿದರು. ಅವ್ವನಿಗೆ ನಾವು ಹೊರುವುದು ತಪ್ಪಿತು ಅಂತ ನಕ್ಕರು. ಆದರೆ ಬಿದ್ದ ನೀರು ನೆಲದೊಳಗೆ ಇಳಿಯಲಿಲ್ಲ. ಇಳಿಯುವುದಾದರೂ ಎಲ್ಲಿ? ಮೇಲೆ ಗಟ್ಟಿಯಾಗಿ ಸಾರಿಸಿದ ಸಗಣಿ, ಕೆಳಗೆ ಕುಡಿದು ಕುಡಿದು ತುಂಬಿಹೋದ ಮಣ್ಣು. ನೀರು ನುಣ್ಣನೆಯ ನೆಲದ ಮೇಲೆ ಆಚೆಗೊಮ್ಮೆ ಜಾರಿತು, ಈಚೆಗೊಮ್ಮೆ ಜಾರಿತು. ಹೋಗಲು ದಾರಿ ಕಾಣದೆ ಹಳ್ಳಕ್ಕೆ ನುಗ್ಗಿತು.

ಹಳ್ಳ ಬಾಯಿ ಬಾಯಿ ಬಡಿದುಕೊಂಡಿತು. "ನಾ ಏನ್ ಮಾಡ್ಲಿ? ಎಲ್ಲಾ ಹೊಲದ ನೀರೂ ನನ್ನ ಮ್ಯಾಲೇ ಬೀಳಾಕತ್ತೈತಿ! ನನ್ನ ದಂಡಿ ಸಾಲವಲ್ದು! ಸರೀರಿ, ಸರೀರಿ!"

ಸರಿಯುವುದಕ್ಕೆ ಜಾಗ ಎಲ್ಲಿದೆ? ಹಳ್ಳ ದಂಡೆ ಮೀರಿತು. ಮೇಲಿನ ಊರು ನೀರು, ಕೆಳಗಿನ ಊರು ನೀರು, ನಡುವಿನ ಬಯಲೆಲ್ಲ ನೀರು. ಗೋಡೆಗಳು ಕರಗಿ ಕುಸಿದವು. ಒಲೆಗಳು ತೇಲಿದವು. ಜನ ಮಕ್ಕಳನ್ನು ಹೆಗಲಿಗೇರಿಸಿ, ದನ ಹೊಡೆದುಕೊಂಡು, ಹಗೇವಿನ ದಿಬ್ಬ ಹತ್ತಿದರು. ನೀರೂ ಅವರ ಹಿಂದೆಯೇ ದಿಬ್ಬ ಹತ್ತತೊಡಗಿತು.

ಭರಮಜ್ಜ ಚಪ್ಪಡಿ ಕಲ್ಲಿನ ಮೇಲೆ ಅಂಗಾತ ಮಲಗಿಬಿಟ್ಟ. "ನನ್ನ ಮುಳುಗಿಸಿದ ಮ್ಯಾಲೇ ಬೀಜ ಮುಳುಗಬೇಕು!" ಅಂತ ಕೂಗಿದ. ಅವನ ಗಡ್ಡ ತೊಯ್ದು ಎದೆಗೆ ಅಂಟಿತ್ತು. ನೀರು ಚಪ್ಪಡಿಯಿಂದ ಗೇಣಷ್ಟು ಕೆಳಗೆ ಬಂದು ತುಯ್ದಾಡುತ್ತಿತ್ತು.

ಕೆಂಚವ್ವ ಎರಡೂ ಕೈ ಎತ್ತಿ ಮೋಡಕ್ಕೆ ಕೂಗಿದಳು. "ಮೋಡಣ್ಣಾ, ನಿಂದ್ರಪ್ಪೋ! ಬೀಜಕ್ಕ ನೀರು ಬಡೀತಂದ್ರ ನಾವು ಸತ್ತಂಗ!"

ಮೋಡಕ್ಕೆ ಪಾಪ ಅನ್ನಿಸಿತು. ಮೈ ಬಿಗಿ ಹಿಡಿದು ನಿಲ್ಲಿಸಿತು. "ನಿಲ್ಲಿಸೀನಿ, ತಂಗಿ. ಆದ್ರ ಅರ್ಧ ಹೊರಿ ಇನ್ನೂ ನನ್ನ ಹತ್ರನ ಐತಿ. ಹೊತ್ಕೊಂಡು ಗುಡ್ಡ ಸುತ್ತಿ ಬರ್ತೀನಿ. ಬೇವಿನ ಹಣ್ಣು ಉದುರೋ ಹೊತ್ತಿಗೆ ತಿರುಗಿ ಇಲ್ಲಿಗೇ ಬರ್ಬೇಕು, ಇಳಿಸ್ಲೇಬೇಕು. ನನಗ ಬ್ಯಾರೆ ದಾರಿ ಇಲ್ಲ."

"ಇನ್ನೂ ಅರ್ಧ ಐತೇ? ಅದನ್ನ ಎಲ್ಲಿ ಇಡೂಣೋ ಯಪ್ಪಾ?"

"ನನ್ನ ಕೇಳಿದ್ರ? ಇಂಥಾ ದೊಡ್ಡ ಭೂಮಿ ಅದಾಳ, ಒಂದು ಗುಟುಕೂ ಕುಡೀಲಿಲ್ಲ. ಅಕಿನ್ನ ಕೇಳು," ಅಂತ ಹೇಳಿ ಮೋಡ ಏದುಸಿರು ಬಿಡುತ್ತಾ ಹೋಯಿತು.

ನೀರು ಮೆಲ್ಲಗೆ ಇಳಿಯಿತು. ಬೀಜ ಉಳಿಯಿತು, ಗೇಣಿನ ಅಂತರದಲ್ಲಿ ಉಳಿಯಿತು. ಆದರೆ ಕೆಂಚವ್ವನಿಗೆ ಊಟ ಸೇರಲಿಲ್ಲ. ಗೋಡೆ ಬಿದ್ದರೆ ಕಟ್ಟಬಹುದು, ಒಲೆ ಹೋದರೆ ಹೂಡಬಹುದು. ಬೀಜ ಹೋದರೆ? ಅವಳು ನೆಲಕ್ಕೆ ಕೆನ್ನೆ ಹಚ್ಚಿ ಕೇಳಿದಳು. "ಯವ್ವಾ, ಯಾಕ ಕುಡೀಲಿಲ್ಲ? ನಮ್ಮ ಮ್ಯಾಲ ಸಿಟ್ಟೇನ?" ನೆಲ ಸುಮ್ಮನಿತ್ತು. ಕೆಂಚವ್ವ ಅತ್ತಳು.

ಆಗ ಅಡ್ಡಡ್ಡ ನಡೆಯುತ್ತಾ ಏಡಿ ಬಂದ. ಅಳುವವರ ಮುಂದೆ ಅವನಿಗೂ ಜಗಳ ಮಾಡಲು ಮನಸ್ಸಾಗಲಿಲ್ಲ.

"ಅಕ್ಕಾ, ಅಳೂದು ಬಿಟ್ಟು ಬಾ. ನಮ್ಮ ಜಾಲಿಮೆಳ್ಯಾಗ ಒಂದು ಹನೀನೂ ನಿಂತಿಲ್ಲ."

"ಸುಳ್ಳು. ಊರೆಲ್ಲ ಕೆರಿ ಆಗೈತಿ, ನಿನ್ನ ಮೆಳಿ ಒಂದ ಒಣಗಿರತೈತೇನ?"

"ಮುಳ್ಳಿಗೆ ಅಂಜಿದ್ರ ಬರಬ್ಯಾಡ," ಅಂದ ಏಡಿ. ಕೆಂಚವ್ವನಿಗೆ ಯಾರಾದರೂ ಹಾಗೆ ಅಂದರೆ ಆಯಿತು, ಅವಳು ಬೆಂಕಿಗಾದರೂ ಇಳಿಯುತ್ತಿದ್ದಳು. ಸೆರಗು ಬಿಗಿದು, ಹೊಟ್ಟೆಯ ಮೇಲೆ ತೆವಳುತ್ತಾ ಮೆಳೆಯೊಳಗೆ ನುಗ್ಗಿದಳು. ಮುಳ್ಳು ಸೀರೆ ಹರಿಯಿತು, ತೋಳು ಗೀರಿತು. ಅವಳು ಮುಂದೆ ಹೋಗುತ್ತಲೇ ಇದ್ದಳು.

ಒಳಗೆ ಹೋಗಿ ನೋಡಿದರೆ ನೀರಿಲ್ಲ. ನೆಲದ ತುಂಬ ಬಿರುಕು! ಒಂದೊಂದೂ ತೋಳು ಇಳಿಯುವಷ್ಟು ಅಗಲ. ಅತ್ತ ಒಂದು, ಇತ್ತ ಒಂದು, ಒಂದರಿಂದ ಇನ್ನೊಂದು ಕವಲೊಡೆದು ಹೋಗಿತ್ತು. ಸುತ್ತಲಿನ ಹೊಲಗಳಿಂದ ಸರಿದು ಬಂದ ಮಳೆನೀರು ಆ ಬಿರುಕುಗಳಿಗೆ ಸೇರುತ್ತಿತ್ತು, ಗುಟುಕ್, ಗುಟುಕ್ ಅಂತ ಸದ್ದು ಮಾಡುತ್ತಾ ಒಳಗೆ ಇಳಿದು ಕಾಣೆಯಾಗುತ್ತಿತ್ತು.

ಕೆಂಚವ್ವನ ಕೈ ತಾನಾಗಿಯೇ ಮಣ್ಣು ಕಲಸಲು ಹೋಯಿತು. "ಅಯ್ಯ ನನ್ನವ್ವಾ! ಎಷ್ಟು ದೊಡ್ಡ ಗಾಯ!"

"ಗಾಯ ಅಲ್ಲ, ಮಗಳ. ಬಾಯಿ."

ದನಿ ಬಿರುಕಿನೊಳಗಿಂದ ಬಂದಿತ್ತು. ಆಳದಿಂದ, ತಂಪಾಗಿ, ನಿಧಾನವಾಗಿ. ಭೂಮಿ ಮಾತಾಡುತ್ತಿದ್ದಳು.

"ಯವ್ವಾ! ಇಷ್ಟು ದಿನ ಯಾಕ ಮಾತಾಡ್ಲಿಲ್ಲ?"

"ಹ್ಯಾಂಗ ಮಾತಾಡ್ಲಿ? ತೆಗೆದ ಬಾಯಿ ತೆಗೆದಂಗ ಮೆತ್ತಿಬಿಡ್ತಿದ್ರಿ. ಇದೊಂದು ಮುಳ್ಳಿನ ಮರ್ಯಾಗ ಇತ್ತು, ಉಳೀತು."

ಕೆಂಚವ್ವ ಬಾಯಿಗೆ ಕೈ ಅಡ್ಡ ಹಿಡಿದಳು. ಅದೆಷ್ಟು ಬೇಸಿಗೆಗಳು, ಅದೆಷ್ಟು ಬಿರುಕುಗಳು! ಎಲ್ಲವನ್ನೂ ಅವಳೇ ತಟ್ಟಿ ತಟ್ಟಿ ಮುಚ್ಚಿದ್ದಳು. ಹಾಡು ಬೇರೆ ಹೇಳುತ್ತಾ ಮುಚ್ಚಿದ್ದಳು.

"ನಿಮ್ಮ ಪ್ರೀತಿ ನನಗ ಗೊತ್ತೈತಿ," ಅಂದಳು ಭೂಮಿ. "ಆದ್ರ ಹಸಿವಿಲ್ಲದವರ ಬಾಯಿಗೆ ತುತ್ತು ಇಟ್ರ ಎಲ್ಲಿ ಇಳೀತೈತಿ ಹೇಳು. ದಿನಾ ನೀರು ಕುಡಿಸಿದ್ರಿ. ನನ್ನ ಹೊಟ್ಟ್ಯಾಗ ಒಂದು ಗುಟುಕಿಗೂ ತೆರವಿಲ್ಲ. ಮೋಡ ತಿರುಗಿ ಬರೂದ್ರೊಳಗ ನನಗ ನೀರಡಿಕಿ ಆಗಬೇಕು. ಬಿಸಿಲು ಬೀಳಲಿ. ನಾ ಒಣಗಬೇಕು, ಬಿರೀಬೇಕು. ನೀವು ಕೈ ಹಚ್ಚಬ್ಯಾಡ್ರಿ. ಆಮ್ಯಾಲ ನೋಡು, ಎಷ್ಟು ಬಂದ್ರೂ ಕುಡೀತೀನಿ."

ಕೈ ಹಚ್ಚುವುದಿಲ್ಲ ಅಂತ ಮಾತು ಕೊಟ್ಟು ಕೆಂಚವ್ವ ಊರಿಗೆ ಓಡಿಬಂದು ಹೇಳಿದಳು. ಯಾರು ನಂಬುತ್ತಾರೆ? ಹರಿದ ಸೀರೆ, ಕೆದರಿದ ಕೂದಲು, ಬಾಯಿ ತೆರೆದರೆ ಭೂಮಿಗೆ ನೀರಡಿಕೆ ಆಗಬೇಕು ಅನ್ನುವ ಮಾತು! ಮಳೆಯಲ್ಲಿ ನೆನೆದು ತಲೆ ಕೆಟ್ಟಿದೆ ಅಂತ ಜನ ಗುಸುಗುಸು ಮಾಡಿದರು.

ಭರಮಜ್ಜ ಕೋಲು ಕುಟ್ಟಿದ. "ಹೆತ್ತವ್ವನ್ನ ಒಣಗಿಸಿ ಕೊಲ್ಲು ಅಂತೀಯೇನ ಕೆಂಚವ್ವ? ನಾ ಇರೂತನಕ ಈ ಊರಾಗ ಅದು ನಡ್ಯಾಂಗಿಲ್ಲ."

"ಅಜ್ಜಾ, ನನ್ನ ಮಾತು ನಂಬಬ್ಯಾಡ. ಎಲ್ಲಾರೂ ಒಂದೊಂದು ಕೊಡ ನೀರು ತಗೊಂಡು ನನ್ನ ಹಿಂದ ಬರ್ರಿ. ಅಷ್ಟು ಮಾಡ್ರಿ, ಸಾಕು."

ನೀರು ಹೊರುವುದು ಅಂದರೆ ಆ ಊರಿನವರಿಗೆ ಬೇಡ ಅನ್ನಲು ಬರುವುದಿಲ್ಲ. ಕೊಡ ತುಂಬಿಕೊಂಡು ಹೊರಟರು. ಕೆಂಚವ್ವ ಮೊದಲು ತನ್ನ ಕೊಡವನ್ನು ಸಾರಿಸಿದ ಓಣಿಯಲ್ಲಿ ಸುರಿದಳು. ನೀರು ಸರ್ರನೆ ಜಾರಿ ಹೋಗಿ ಭರಮಜ್ಜನ ಕಾಲು ತೋಯಿಸಿತು. ಆಮೇಲೆ ಗಂಡಸರು ಕೊಡಲಿ ತಂದು ಜಾಲಿಮೆಳೆಯಲ್ಲಿ ದಾರಿ ಮಾಡಿದರು. ಒಬ್ಬೊಬ್ಬರೇ ಒಳಗೆ ಹೋಗಿ ಬಿರುಕಿಗೆ ಕೊಡ ಬಗ್ಗಿಸಿದರು. ಒಂದು ಕೊಡ ಹೋಯಿತು. ಹತ್ತಾರು ಕೊಡ ಹೋದವು. ಊರಿನ ಕೊಡಗಳೆಲ್ಲ ಖಾಲಿಯಾದವು. ಬಿರುಕಿನ ಅಂಚೂ ತೊಯ್ದಿರಲಿಲ್ಲ.

ಕಡೆಗೆ ಭರಮಜ್ಜ ತನ್ನ ತಂಬಿಗೆ ಹಿಡಿದು ಬಂದ. ಬಗ್ಗಿ ಮೆಲ್ಲಗೆ ಸುರಿದ. ಗುಟುಕ್. ಒಳಗಿನಿಂದ ದನಿ ಬಂತು. "ಭರಮಾ, ಇನ್ನೊಂದೀಟು ಐತೇನಪ್ಪ?"

ಭರಮಜ್ಜ ತಂಬಿಗೆ ಕೈಬಿಟ್ಟು ಅಲ್ಲೇ ಕುಕ್ಕರಿಸಿದ. ಅವನನ್ನು ಭರಮಾ ಅಂತ ಕರೆಯುವವರು ಭೂಮಿಯ ಮೇಲೆ ಯಾರೂ ಉಳಿದಿರಲಿಲ್ಲ. ಕಣ್ಣೊರೆಸಿಕೊಂಡು ಎದ್ದು, ಊರಿನವರ ಕಡೆ ತಿರುಗಿ ಗದರಿದ. "ಇನ್ನೂ ಏನ ನೋಡ್ತೀರಿ? ಕೊಡ ಬೋರಲ ಹಾಕ್ರಿ! ಇವತ್ತಿನಿಂದ ಹೊಲಕ್ಕ ಒಂದು ಹನಿ ನೀರಿಲ್ಲ, ಒಂದು ಹಿಡಿ ಸಗಣಿ ಇಲ್ಲ!" ಗಾಳಿ ಆ ಮಾತನ್ನು ಎತ್ತಿಕೊಂಡು ಮೇಲಿನ ಊರುಗಳಿಗೂ ಕೆಳಗಿನ ಊರುಗಳಿಗೂ ಮುಟ್ಟಿಸಿತು. ಅಲ್ಲಿಯೂ ಕೊಡಗಳನ್ನು ಬೋರಲು ಹಾಕಿದರು.

ಸೂರ್ಯನಿಗೆ ಇದಕ್ಕಿಂತ ಖುಷಿಯ ಕೆಲಸ ಏನಿದೆ? "ನನಗ ಬಿಡ್ರಿ," ಅಂತ ಬೆಳಗಾಗೆದ್ದು ಬಂದು ಉರಿಯತೊಡಗಿದ. ಮೇಲಿನ ಸಗಣಿ ಹಪ್ಪಳವಾಗಿ ಎದ್ದಿತು. ಗಾಳಿ ಅದನ್ನು ಗುಡಿಸಿಕೊಂಡು ಹೋಯಿತು. ಕಪ್ಪು ಮಣ್ಣು ಬಿಗಿಯಿತು, ಬಿಗಿದು ಬಿಗಿದು ಒಂದು ದಿನ ಚಟ್ ಅಂದಿತು. ಮೊದಲ ಬಿರುಕು ಬಿಟ್ಟಿತು.

ಕಾಯುವುದು ಮಾತಿನಷ್ಟು ಸುಲಭವಾಗಿರಲಿಲ್ಲ. ಒಂದೊಂದು ಬಿರುಕು ಬಿಟ್ಟಾಗಲೂ ಕೆಂಚವ್ವನ ಕೈ ಕಡಿಯುತ್ತಿತ್ತು. ಅವಳು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದಳು. ಒಂದು ಮುಂಜಾನೆ ಅರೆನಿದ್ದೆಯಲ್ಲೇ ಎದ್ದು ಸಗಣಿ ಕಲಸಿಕೊಂಡು ಹೊಲಕ್ಕೆ ಹೋಗಿ ಬಗ್ಗಿದಳು. ಬಿರುಕಿನೊಳಗಿಂದ ಎರಡು ಕೊಂಡಿ ಮೇಲೆದ್ದವು.

"ಅಕ್ಕಾ! ಮತ್ತ ಸುರು ಮಾಡಿದಿ?"

ಕೆಂಚವ್ವ ನಾಚಿಕೊಂಡು ಸಗಣಿಯನ್ನು ಅಲ್ಲೇ ಬಿಟ್ಟು ಎದ್ದಳು. ಹಿಂದೆ ತಿರುಗಿ ನೋಡಿದರೆ, ಭರಮಜ್ಜನೂ ಒಂದು ಬುಟ್ಟಿ ಮಣ್ಣು ಬಚ್ಚಿಟ್ಟುಕೊಂಡು ಹೊಲದ ಕಡೆಗೇ ಬರುತ್ತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ಆದರೆ ಬೇವಿನ ಕಾಯಿ ಹಳದಿಗೆ ತಿರುಗುವ ಹೊತ್ತಿಗೆ ನಗುವ ಮಾತು ಉಳಿಯಲಿಲ್ಲ. ಹೊಲದಿಂದ ಹೊರಟ ಒಂದು ಬಿರುಕು ದಿಬ್ಬ ಹತ್ತತೊಡಗಿತು. ನಿನ್ನೆ ಬುಡದಲ್ಲಿತ್ತು, ಇವತ್ತು ನಡುವಿಗೆ ಬಂತು. ನೇರ ಹಗೇವಿನ ಕಡೆಗೇ ಮುಖ ಮಾಡಿತ್ತು. ಅದು ಚಪ್ಪಡಿಯ ತನಕ ಬಂದರೆ ಮುಗಿಯಿತು. ಮಳೆನೀರು ಆ ದಾರಿ ಹಿಡಿದು ಬೀಜದ ಮೇಲೇ ಇಳಿಯುತ್ತದೆ.

ಊರಿನವರು ಸುತ್ತ ನಿಂತರು. ಈ ಸಲ ಯಾರೂ ಬಯ್ಯಲಿಲ್ಲ. ಎಲ್ಲರೂ ಕೆಂಚವ್ವನ ಮುಖ ನೋಡಿದರು. ಬಯ್ದಿದ್ದರೇ ಅವಳಿಗೆ ಹಗುರಾಗುತ್ತಿತ್ತು. ಮುಚ್ಚಿದರೆ ಕೊಟ್ಟ ಮಾತು ಹೋಗುತ್ತದೆ. ಬಿಟ್ಟರೆ ಬೀಜ ಹೋಗುತ್ತದೆ.

ಅವಳು ಬಿರುಕಿನ ಪಕ್ಕ ಬಗ್ಗಿ ಕೂತಳು. "ಯವ್ವಾ, ನಿನ್ನ ಬಾಯಿ ನಿನಗ ಬಿಟ್ಟೀವಿ. ಹೊಲ ಬಿಟ್ಟೀವಿ, ದಾರಿ ಬಿಟ್ಟೀವಿ, ಬಯಲೆಲ್ಲ ಬಿಟ್ಟೀವಿ. ಇದೊಂದೀಟು ನನಗ ಬಿಡು. ಬೀಜ ಇರೋ ಜಾಗ, ಮಕ್ಕಳು ಅಂಬೆಗಾಲಿಡೋ ಮನಿ, ಅಂಗಳ. ಇಷ್ಟು ನಾ ಸಾರಿಸ್ಕೋತೀನಿ. ನನ್ನ ಕೈಗೂ ಒಂದೀಟು ಕೆಲಸ ಬೇಕಲ್ಲ?"

ಬಿರುಕಿನೊಳಗಿಂದ ಭೂಮಿ ನಕ್ಕಳು. ದಿಬ್ಬವೆಲ್ಲ ಸಣ್ಣಗೆ ಅದುರಿತು.

"ನಿನ್ನ ಕೈಯ ತಂಪು ನನಗೂ ಬೇಕು, ಹುಚ್ಚಿ. ನೀ ಸಾರಿಸಿ ಅಂಚು ಕಟ್ಟು. ಅದನ್ನ ದಾಟಿ ನಾ ಬರೂದಿಲ್ಲ. ಆ ಅಂಚು ದಾಟಿ ನೀನೂ ಬರಬ್ಯಾಡ."

ಕೆಂಚವ್ವ ಸಗಣಿ ಕಲಸಿದಳು. ಎಷ್ಟು ದಿನದ ಆಸೆಯಾಗಿತ್ತೋ! ಹಗೇವಿನ ಸುತ್ತ ದುಂಡಗೆ, ನುಣ್ಣಗೆ, ಅಂಗೈ ಬೀಸಿ ಬೀಸಿ ಸಾರಿಸಿದಳು. ಊರಿನ ಹೆಂಗಸರೆಲ್ಲ ತಮ್ಮ ತಮ್ಮ ಮನೆ, ಅಂಗಳ ಸಾರಿಸಿ ಅಂಚು ಕಟ್ಟಿದರು. ಮರುದಿನ ಬಿರುಕು ಹಗೇವಿನ ಅಂಚಿನ ತನಕ ಬಂತು. ಬಂದು ನಿಂತಿತು. ಅಲ್ಲಿಂದ ಒಂದು ಎಳೆಯೂ ಮುಂದೆ ಬರಲಿಲ್ಲ.

ಬೇವಿನ ಹಣ್ಣು ಉದುರಿದವು. ಮೋಡ ಬಂತು.

ಮೊದಲಿಗಿಂತ ಕಪ್ಪಗೆ, ಮೊದಲಿಗಿಂತ ಕೆಳಗೆ ಬಂತು. "ಸರೀರಿ, ತಂಗಿ. ಈ ಸಲ ಹಿಡಿದು ನಿಲ್ಲಿಸೂ ಶಕ್ತಿ ನನಗಿಲ್ಲ. ಎಲ್ಲಾ ಇಳಿಸಾಂವ," ಅಂತ ಗುಡುಗಿತು.

ಕೆಂಚವ್ವ ದಿಬ್ಬದ ತುದಿಯಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಇಳಸೋ ಮೋಡಣ್ಣಾ! ಒಂದು ಹನಿ ಉಳಿಸ್ಕೊಂಡಿ ಅಂದ್ರ ನೋಡು ಮತ್ತ!"

ಮಳೆ ಬಿತ್ತು. ಮೊದಲಿನ ಮಳೆ ಇದರ ಮುಂದೆ ಚಿಲ್ಲರೆ ಮಳೆ. ಗುಡುಗಿಗೆ ದನಗಳು ಹಗ್ಗ ಜಗ್ಗಿದವು. ನೀರು ಬಯಲಿನ ಮೇಲೆ ಜಾರಿ ಬಂತು, ಹಳೆಯ ಅಭ್ಯಾಸದಂತೆ ಹಳ್ಳದ ಕಡೆ ಓಡಿತು. ಓಡುತ್ತಾ ಓಡುತ್ತಾ ಮೊದಲ ಬಿರುಕಿಗೆ ಸಿಕ್ಕಿತು. ಗುಟುಕ್! ಎರಡನೆಯದಕ್ಕೆ ಸಿಕ್ಕಿತು. ಗುಟುಕ್! ಆಮೇಲೆ ಎಲ್ಲ ಬಾಯಿಗಳೂ ಒಮ್ಮೆಲೇ ಕುಡಿಯತೊಡಗಿದವು. ಗಟಗಟ, ಗಟಗಟ, ಗಟಗಟ! ಆ ಸದ್ದಿಗೆ ಗುಡುಗೇ ಸಪ್ಪಗಾಯಿತು. ಮೇಲಿನ ಊರಿನ ಹೊಲ ಕುಡಿಯಿತು, ಕೆಳಗಿನ ಊರಿನ ಹೊಲ ಕುಡಿಯಿತು, ಕಣ್ಣು ಹಾಯುವಷ್ಟು ದೂರ ಎರೆಭೂಮಿಯೆಲ್ಲ ತಲೆ ಎತ್ತದೆ ಕುಡಿಯಿತು.

"ನನಗೂ ಒಂದೀಟು ಬಿಡ್ರೇ!" ಅಂತ ಹಳ್ಳ ಕೂಗಿತು. ಭೂಮಿ ಅದರ ಪಾಲು ಅದಕ್ಕೆ ಬಿಟ್ಟಳು. ಹಳ್ಳ ಎರಡು ದಂಡೆಗಳ ನಡುವೆ ಮೈತುಂಬಿ, ಒಂದು ಗೇಣೂ ಆಚೆ ಈಚೆ ಹೊರಳದೆ, ಬೀಗುತ್ತಾ ಹರಿಯಿತು. ಏಡಿ ಅದರ ದಂಡೆಯ ಮೇಲೆ ಕೊಂಡಿ ಎತ್ತಿ ಅಡ್ಡಡ್ಡ ಕುಣಿದ.

ಜನ ದಿಬ್ಬದ ಬುಡವನ್ನೇ ನೋಡುತ್ತಿದ್ದರು. ನೀರು ಈಗ ಹತ್ತೀತು, ಇನ್ನೇನು ಹತ್ತೀತು ಅಂತ ಕಾದರು. ನೀರು ಹತ್ತಲಿಲ್ಲ. ಭರಮಜ್ಜ ಚಪ್ಪಡಿಯ ಮೇಲೆ ಮಲಗಲಿಲ್ಲ. ಅದರ ಪಕ್ಕ ಎದ್ದು ನಿಂತು, ಮಳೆಯಲ್ಲಿ ಗಡ್ಡ ತೋಯಿಸಿಕೊಂಡು, ಆಕಾಶಕ್ಕೆ ಕೋಲು ಆಡಿಸಿದ. "ಇಷ್ಟನ? ಇನ್ನೂ ತಾರೋ!" ಅಂತ ಮೋಡವನ್ನೇ ಕೆಣಕಿದ. ಜನ ಹೋ ಎಂದು ಕೂಗಿದರು. ತಾಯಂದಿರು ಮಕ್ಕಳನ್ನು ಮಳೆಗೆ ಎತ್ತಿ ಹಿಡಿದರು.

ಮೋಡ ಎಲ್ಲವನ್ನೂ ಇಳಿಸಿತು. ಕಡೆಯ ಹನಿಯೂ ಹೋದ ಮೇಲೆ ಕೆಳಗೆ ನೋಡಿತು. ಒಂದು ಮನೆ ಬಿದ್ದಿಲ್ಲ, ಒಂದು ಒಲೆ ತೇಲಿಲ್ಲ. ಅದಕ್ಕೆ ಎಷ್ಟು ಹಗುರವಾಯಿತೆಂದರೆ, ಬೆಳ್ಳಗಾಗಿ ಮೇಲಕ್ಕೆ ತೇಲಿಹೋಯಿತು. ಭೂಮಿ ದೊಡ್ಡದಾಗಿ ತೇಗಿ, ಬಿರುಕುಗಳನ್ನೆಲ್ಲ ಒಂದೊಂದಾಗಿ ತಾನೇ ಮುಚ್ಚಿಕೊಂಡಳು. ಯಾರೂ ಸಾರಿಸಬೇಕಾಗಲಿಲ್ಲ.

ಮಳೆಗಾಲ ಕಳೆದು ನೆಲ ಹದಕ್ಕೆ ಬಂದಾಗ ಭರಮಜ್ಜ ಹಗೇವಿನ ಕಲ್ಲು ಸರಿಸಿದ. ಒಂದು ಹಿಡಿ ಜೋಳ ತೆಗೆದು ಕೆಂಚವ್ವನ ಅಂಗೈಗೆ ಸುರಿದ. ಕಾಳು ಗರಿಗರಿಯಾಗಿತ್ತು. ಒಂದನ್ನು ಅವಳು ಬಾಯಿಗೆ ಹಾಕಿ ಕಡಿದಳು. ಕಟ್ ಅಂದಿತು. ಆ ಸದ್ದು ಕೇಳಿ ಇಡೀ ಊರು ಬಿತ್ತಲು ಕೂರಿಗೆ ಕಟ್ಟಿತು.

ಬಿತ್ತಿದ ಮೇಲೆ ಒಂದು ಹನಿ ಮಳೆ ಬರಲಿಲ್ಲ. ಯಾರೂ ಹೆದರಲಿಲ್ಲ. ಭೂಮಿ ಕುಡಿದದ್ದನ್ನೆಲ್ಲ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದಳು. ಚಳಿಗಾಲವಿಡೀ ಬೇರಿಗೆ ಇಷ್ಟಿಷ್ಟೇ ಉಣಿಸಿದಳು. ಆಳೆತ್ತರದ ಜೋಳ ಬಂತು. ತೆನೆಗಳು ಎಷ್ಟು ತೂಗುತ್ತಿದ್ದವೆಂದರೆ, ಹೊಸದಾಗಿ ಇನ್ನೊಂದು ಹಗೇವು ತೋಡಬೇಕಾಯಿತು. ಮೇಲಿನ ಊರಿಗೂ ಕೆಳಗಿನ ಊರಿಗೂ ಬೀಜ ಕೊಟ್ಟು ಮಿಕ್ಕಿತು. ಆ ವರ್ಷದ ರೊಟ್ಟಿಯ ರುಚಿಯನ್ನು ಕಾಗೆಗಳು ಕೂಡ ಹೊಗಳಿ ಹಾಡಿದವು. ಕೇಳುವವರಿಗೆ ಕಷ್ಟವಾಯಿತು, ಆದರೂ ಯಾರೂ ಓಡಿಸಲಿಲ್ಲ.

ಆದ್ದರಿಂದ, ಮಗೂ, ಬೇಸಿಗೆಯಲ್ಲಿ ಎರೆಹೊಲದ ತುಂಬ ನಿನ್ನ ಕಾಲು ಇಳಿಯುವಷ್ಟು ಅಗಲದ ಬಿರುಕು ಕಂಡರೆ ಅಯ್ಯೋ ಪಾಪ ಅನ್ನಬೇಡ. ನಿಮ್ಮ ಮನೆಯ ಅಂಗಳಕ್ಕೆ ಹೋಗಿ ನೋಡು. ಸಗಣಿ ಸಾರಿಸಿದ್ದು ಒಂದು ಕಡೆ ಅಂಚು ಕಟ್ಟಿ ನಿಂತಿರುತ್ತದೆ. ಅಲ್ಲಿಯ ತನಕ ಕೆಂಚವ್ವನದು. ಅದರಾಚೆ ಭೂಮಿ ಬಾಯಿ ತೆರೆದು ಕೂತಿದ್ದಾಳೆ, ಎಷ್ಟು ದೊಡ್ಡ ಮೋಡ ಬಂದರೂ ಬರಲಿ ಅಂತ.